ಶಾಲೆಗೆ ಟಿವಿ ಬಂದಿದೆಯಂತೆ: ಟೀಚರಾದ ಅಣ್ಣನ ಮಗಳಿಗೆ ಕಿವಿಮಾತು

ನಿಮ್ಮ ಶಾಲೆಗೆ ಯಾರೋ ದಾನಿಗಳು ದೊಡ್ಡ ಟಿವಿ ಕೊಟ್ಟಿದ್ದಾರಂತೆ. ನಾಲ್ಕರಿಂದ ಏಳನೇ ತರಗತಿಯವರೆಗೆ ಪರಿಸರ ಅಧ್ಯಯನ, ವಿಜ್ಞಾನ ಎರಡೂ ನಿನ್ನ ತಲೆಗೇ ಬಿದ್ದಿದೆಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ‘ಮಕ್ಕಳ ಸಿನಿಮಾ, ಕಾರ್ಟೂನು ಹಾಕಿ ಪಾಠ ಮಾಡಬಹುದಾ ಅತ್ತೆ’ ಅಂತ ನೀನು ಕೇಳಿದೆಯಲ್ಲ, ಧಾರಾಳವಾಗಿ ಮಾಡು. ಆದರೆ ಟಿವಿ ಪಾಠ ಹೇಳಿಕೊಳ್ಳುತ್ತೆ, ಅಷ್ಟು ಹೊತ್ತು ನಾನು ಬಿಸಿಯೂಟದ ಲೆಕ್ಕ ಬರೆದುಕೊಳ್ಳಬಹುದು ಅಂತ ಲೆಕ್ಕ ಹಾಕಿದ್ದರೆ ಆ ಆಸೆ ಬಿಡು. ಟಿವಿಗೆ ತೋರಿಸೋಕೆ ಬರುತ್ತೆ, ಕೇಳೋಕೆ ಬರೊಲ್ಲ. ವಿಜ್ಞಾನ ಶುರುವಾಗೋದು ಕೇಳೋದರಿಂದ. ನೆನಪಿಗೆ ಬಂದ ಹಾಗೆ ಬರೆದಿದ್ದೇನೆ, ಕ್ರಮ ಹುಡುಕಬೇಡ.

• ರಿಮೋಟು ಯಾವಾಗಲೂ ನಿನ್ನ ಕೈಯಲ್ಲೇ ಇರಲಿ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಟಿವಿ ಓಡಬೇಕಾದ್ದು ಮೂರೋ ನಾಲ್ಕೋ ನಿಮಿಷ. ಉಳಿದದ್ದು ಮಾತಿಗೆ, ಜಗಳಕ್ಕೆ, ಕೈಕೆಲಸಕ್ಕೆ. ಪೂರ್ತಿ ಸಿನಿಮಾ ಹಾಕುವ ಆಸೆ ಮಕ್ಕಳಿಗೂ ಇರುತ್ತೆ, ನಿನಗೂ ಆಗುತ್ತೆ. ಅದನ್ನು ಮಕ್ಕಳ ದಿನಾಚರಣೆಗೆ ಇಟ್ಟುಕೋ.

• ಹಿಂದಿನ ರಾತ್ರಿ ಮನೆಯಲ್ಲಿ ನೀನೊಬ್ಬಳೇ ಕೂತು ನೋಡು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ನಿಮಿಷ, ಸೆಕೆಂಡು ಸಮೇತ ಚೀಟಿಯಲ್ಲಿ ಬರೆದುಕೋ. ತರಗತಿಯಲ್ಲಿ ಹಿಂದೆ ಮುಂದೆ ಓಡಿಸುತ್ತಾ ಹುಡುಕೋಕೆ ಹೋದರೆ ಹಿಂದಿನ ಬೆಂಚಿನವರು ಅಷ್ಟರಲ್ಲೇ ಬೇರೆ ಲೋಕಕ್ಕೆ ಹೋಗಿರುತ್ತಾರೆ.

• ಮೊದಲು ಊಹೆ, ಆಮೇಲೆ ದೃಶ್ಯ. ಈ ಕಾಗದದಲ್ಲಿ ಒಂದೇ ಒಂದು ವಿಷಯ ಇಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೋ. ಉದಾಹರಣೆ ಹೇಳುತ್ತೇನೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಹಕ್ಕಿಯ ಗರಿ ಹಿಡಿದು, ಎರಡನ್ನೂ ಒಟ್ಟಿಗೇ ಕೆಳಗೆ ಬಿಟ್ಟರು. ಸುತ್ತಿಗೆ 1.32 ಕಿಲೋ, ಗರಿ 30 ಗ್ರಾಂ. ಚಿತ್ರ ಮಸುಕು, ನಿಮಿಷದೊಳಗೆ ಮುಗಿದುಹೋಗುತ್ತೆ. ಆದರೆ ಪ್ರಾಥಮಿಕ ಶಾಲೆಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಸಿನಿಮಾ ನಾನು ನೋಡಿಲ್ಲ.

ಅವರು ಕೈ ಬಿಡುವ ಮುಂಚಿನ ಕ್ಷಣದಲ್ಲಿ ನಿಲ್ಲಿಸು. ಸುತ್ತಿಗೆ ಮೊದಲು ಬೀಳುತ್ತೆ ಅನ್ನುವವರು ಕಿಟಕಿ ಕಡೆ, ಗರಿ ಅನ್ನುವವರು ಬಾಗಿಲ ಕಡೆ, ಒಟ್ಟಿಗೆ ಅನ್ನುವವರು ಮಧ್ಯೆ ನಿಲ್ಲಲಿ. ಒಬ್ಬರಾದರೂ ‘ಅಲ್ಲಿ ಗಾಳಿ ಇಲ್ವಲ್ಲ ಟೀಚರ್, ಎರಡೂ ತೇಲ್ತವೆ’ ಅಂತಾರೆ. ಆ ಮಗುವನ್ನು ಮಿಕ್ಕವರು ಗೇಲಿ ಮಾಡದ ಹಾಗೆ ನೋಡಿಕೋ. ಗಾಳಿ ಇಲ್ಲದಿದ್ದರೆ ಸೆಳೆತವೂ ಇರೊಲ್ಲ ಅಂತ ನಂಬಿರುವ ದೊಡ್ಡವರೇ ಬೇಕಾದಷ್ಟು ಜನ ಇದ್ದಾರೆ. ಪ್ರತಿಯೊಂದು ಗುಂಪಿನಿಂದಲೂ ಒಬ್ಬರು ಕಾರಣ ಹೇಳಲಿ, ಆಮೇಲೆ ಗುಂಡಿ ಒತ್ತು. ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ. ತರಗತಿ ಕೂಗಿ ಮುಗಿಸುವ ತನಕ ಸುಮ್ಮನಿರು, ವಿವರಿಸೋಕೆ ಹೋಗಬೇಡ.

ಈಗ ಟಿವಿ ಆರಿಸು. ಒಂದು ನೋಟ್‌ಬುಕ್ಕು, ಅದಕ್ಕಿಂತ ಚಿಕ್ಕದಾದ ಒಂದು ಹಾಳೆ ತಗೋ. ಬೇರೆ ಬೇರೆಯಾಗಿ ಬಿಟ್ಟರೆ ಹಾಳೆ ತೂಗಾಡಿಕೊಂಡು ಆಮೇಲೆ ಬರುತ್ತೆ. ಅದೇ ಹಾಳೆಯನ್ನು ಪುಸ್ತಕದ ಮೇಲೆ ಇಟ್ಟು ಬಿಡು. ಎರಡೂ ಜೊತೆಯಲ್ಲೇ ಬೀಳುತ್ತವೆ. ಹಾಳೆಯ ತೂಕ ಬದಲಾಗಲಿಲ್ಲ, ಮತ್ತೆ ಏನು ಬದಲಾಯಿತು? ಕೆಳಗಿನ ಗಾಳಿಯನ್ನು ಪುಸ್ತಕ ಸರಿಸಿಕೊಂಡು ಹೋಯಿತು ಅಂತ ಮಕ್ಕಳ ಬಾಯಲ್ಲೇ ಬರೋಕೆ ಒಂದು ಪೀರಿಯಡ್ಡು ಪೂರ್ತಿ ಹಿಡಿದರೂ ಹಿಡಿಯಲಿ. ಚಂದ್ರನಿಂದ ನಿನ್ನ ಮೇಜಿನ ಹತ್ತಿರಕ್ಕೆ ಬಂದರಲ್ಲ, ಸಾಕು.

• ತಪ್ಪಿರುವ ಕಾರ್ಟೂನು ಸಿಕ್ಕಿದರೆ ಬಿಸಾಕಬೇಡ, ಅದು ಅಪ್ಪಟ ಚಿನ್ನ. ‘ಸರಿಯಾದ’ ವಿಡಿಯೋಗಳನ್ನೇ ಹುಡುಕುತ್ತಾ ಕೂರುವ ಟೀಚರುಗಳು ಬಹಳ. ಸರಿಯಾದದ್ದನ್ನು ಮಕ್ಕಳು ತಲೆಯಾಡಿಸಿ ಒಪ್ಪಿಕೊಂಡುಬಿಡುತ್ತಾರೆ. ತಪ್ಪು ಸಿಕ್ಕಿದಾಗ ನೆಟ್ಟಗೆ ಕೂರುತ್ತಾರೆ.

ಅಮೆರಿಕದಲ್ಲಿ 1994ರಿಂದ 1997ರವರೆಗೆ ‘ದಿ ಮ್ಯಾಜಿಕ್ ಸ್ಕೂಲ್ ಬಸ್’ ಅಂತ ಮಕ್ಕಳ ಕಾರ್ಟೂನು ಬಂತು. ಜೊಯಾನಾ ಕೋಲ್ ಬರೆದು ಬ್ರೂಸ್ ಡೀಗನ್ ಚಿತ್ರ ಬಿಡಿಸಿದ ಪುಸ್ತಕಗಳಿಂದ ಹುಟ್ಟಿದ್ದು, ಒಟ್ಟು 52 ಕಂತು. ಮಿಸ್ ಫ್ರಿಜಲ್ ಅನ್ನುವ ಟೀಚರು ಬಸ್ಸನ್ನು ಕುಗ್ಗಿಸಿ ಮಕ್ಕಳನ್ನು ಹೊಟ್ಟೆಯೊಳಗೆ, ಗ್ರಹಗಳ ಮೇಲೆ ಎಲ್ಲ ಕರೆದುಕೊಂಡು ಹೋಗುತ್ತಾಳೆ. ನನಗೆ ಇಷ್ಟವಾದದ್ದು ಆ ಬಸ್ಸಲ್ಲ, ಕಂತಿನ ಕೊನೆ. ಕಾರ್ಯಕ್ರಮ ಮಾಡಿದವರಿಗೆ ಒಂದು ಫೋನು ಬರುತ್ತೆ. ‘ನೀವು ತೋರಿಸಿದ್ದು ನಿಜವಾಗಿ ಆಗೊಲ್ಲವಲ್ಲ’ ಅಂತ ಆ ಕಡೆಯವರು ತಕರಾರು ತೆಗೆಯುತ್ತಾರೆ. ಹೌದು, ಕಥೆಗೋಸ್ಕರ ಹಾಗೆ ಮಾಡಿದೆವು, ನಿಜ ಹೀಗೆ, ಅಂತ ಕಾರ್ಯಕ್ರಮದವರು ಒಪ್ಪಿಕೊಳ್ಳುತ್ತಾರೆ. ಇದನ್ನು ನಿನ್ನ ತರಗತಿಗೆ ಕದಿ. ಯಾವ ಕಾರ್ಟೂನು ಹಾಕಿದರೂ ಕೊನೆಗೆ ಒಂದು ಮಗು ಕಿವಿಗೆ ಡಸ್ಟರು ಹಿಡಿದು ‘ಹಲೋ’ ಅನ್ನಲಿ, ಇನ್ನೊಂದು ಕಾರ್ಟೂನು ಮಾಡಿದವರ ಪರವಾಗಿ ಉತ್ತರ ಕೊಡಲಿ. ಮಾತೇ ಆಡದ ಮಕ್ಕಳೂ ಡಸ್ಟರು ಸಿಕ್ಕಿದರೆ ಮಾತಾಡುತ್ತಾರೆ.

• ತಪ್ಪು ಹುಡುಕೋಕೆ ಒಂದಿಷ್ಟು ಸುಳಿವು ಕೊಡುತ್ತೇನೆ. ಪಿಕ್ಸಾರ್‌ನವರ 1998ರ ‘ಎ ಬಗ್ಸ್ ಲೈಫ್’ನಲ್ಲಿ ಇರುವೆಗಳಿಗೆ ಎರಡು ಕೈ, ಎರಡು ಕಾಲು. ಒಟ್ಟು ನಾಲ್ಕೇ. ಮಕ್ಕಳು ಎಣಿಸಲಿ. ಆಮೇಲೆ ಕಿಟಕಿ ಕಟ್ಟೆ ಮೇಲೆ ಚಿಟಿಕೆ ಸಕ್ಕರೆ ಇಟ್ಟು, ಬಂದ ಇರುವೆಗಳ ಕಾಲನ್ನು ಭೂತಗನ್ನಡಿಯಲ್ಲಿ ಎಣಿಸಲಿ. 2007ರ ‘ಬೀ ಮೂವಿ’ಯ ನಾಯಕ ಗಂಡು ಜೇನು. ಹೂವಿಗೆ ಹೋಗಿ ಮಕರಂದ ತರುವವರೂ ಗಂಡುಗಳೇ, ಮುಳ್ಳು ಚುಚ್ಚುವವರೂ ಗಂಡುಗಳೇ. ನಿಜದಲ್ಲಿ ಆ ಕೆಲಸವೆಲ್ಲ ಹೆಣ್ಣು ಜೇನುಗಳದ್ದು, ಗಂಡಿಗೆ ಮುಳ್ಳೇ ಇಲ್ಲ. ‘ಯಾಕೆ ಗಂಡಸರನ್ನೇ ಹಾಕಿದ್ದಾರೆ’ ಅಂತ ಹುಡುಗಿಯರು ಕೇಳಿದರೆ ತಡೀಬೇಡ. ಅದು ವಿಜ್ಞಾನದ ಪ್ರಶ್ನೆಯಲ್ಲದೆ ಇರಬಹುದು, ಆದರೂ ಒಳ್ಳೆಯ ಪ್ರಶ್ನೆ. ಇನ್ನು ಕಾರ್ಟೂನಿನ ಅಯಸ್ಕಾಂತ: ಸಿಕ್ಕಿದ್ದನ್ನೆಲ್ಲ ಎಳೆಯುತ್ತೆ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಗುಜರಿಯವನ ಹತ್ತಿರ ಸಿಗುತ್ತೆ. ಅದನ್ನು ಸ್ಟೀಲು ಲೋಟ, ಹಿತ್ತಾಳೆ ಚೊಂಬು, ಅಲ್ಯೂಮಿನಿಯಂ ತಟ್ಟೆ, ಶಾಲೆ ಮುಂದಿನ ಮರಳು ಎಲ್ಲಕ್ಕೂ ಮುಟ್ಟಿಸಲಿ. ಮರಳಿನಿಂದ ಕಪ್ಪು ಪುಡಿ ಎದ್ದು ಅಂಟಿಕೊಂಡಾಗ ಮುಖ ನೋಡಬೇಕು ನೀನು. ಸ್ಟೀಲು ಲೋಟಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟೊಲ್ಲ. ಆ ಗೊಂದಲವನ್ನು ಹಾಗೇ ಬಿಡು, ಮನೆಗೆ ಹೋಗಿ ಪಾತ್ರೆ ಪಾತ್ರೆಗೂ ಹಿಡಿದು ನೋಡುತ್ತಾರೆ.

• ಸಿನಿಮಾದಲ್ಲಿ ಮಿಂಚು ಹೊಳೆದ ಕ್ಷಣದಲ್ಲೇ ಗುಡುಗು ಬಡಿಯುತ್ತೆ. ಮಳೆಗಾಲ ಶುರುವಾಗುವ ಮೊದಲೇ ಇದನ್ನು ತೋರಿಸಿಟ್ಟುಕೋ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತೆ. ಅಂದರೆ ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಇದ್ದರೆ ಸಿಡಿಲು ಒಂದು ಕಿಲೋಮೀಟರು ದೂರ. ಮಳೆ ಬಂದ ದಿನ ಎಲ್ಲರೂ ಒಳಗೇ ಕೂತು ಎಣಿಸಲಿ. ಒಳಗೇ ಅಂದೆ, ನೆನಪಿರಲಿ. ಮರದ ಕೆಳಗೂ ಅಲ್ಲ, ಬಯಲಲ್ಲೂ ಅಲ್ಲ.

• ನಿಜದ ಚಿತ್ರ ಅಂತ ಬರುವುದನ್ನೂ ಯಾರೋ ಕೂತು ಕತ್ತರಿಸಿ ಜೋಡಿಸಿರುತ್ತಾರೆ. ಡಿಸ್ನಿಯವರ 1958ರ ‘ವೈಟ್ ವೈಲ್ಡರ್‌ನೆಸ್’ ಅನ್ನುವ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಅದರಲ್ಲಿ ಲೆಮ್ಮಿಂಗ್ ಅನ್ನುವ ಇಲಿಜಾತಿಯ ಪ್ರಾಣಿಗಳು ಗುಂಪುಗುಂಪಾಗಿ ಬಂಡೆಯಿಂದ ನೀರಿಗೆ ಹಾರಿ ಸಾಯುತ್ತವೆ. ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾದಲ್ಲಿ. ಆ ಪ್ರಾಣಿಗಳು ಅಲ್ಲಿನವೇ ಅಲ್ಲ, ತಂದು ಬಿಟ್ಟಿದ್ದು. ಹಾರಿದ್ದೂ ಅಲ್ಲ, ಚಿತ್ರ ತಂಡದವರೇ ತಳ್ಳಿದ್ದು. ಕೆನಡಾದ ಟಿವಿಯವರು 1980ರ ದಶಕದಲ್ಲಿ ಇದನ್ನು ಬಯಲಿಗೆಳೆದರು. ಆದರೆ ಲೆಮ್ಮಿಂಗುಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ಆರು, ಏಳನೆಯವರಿಗೆ ಈ ಕಥೆ ಹೇಳು. ಚಿಕ್ಕವರಿಗೆ ಬೇಡ, ಅವರು ಇಲಿಗಳಿಗೋಸ್ಕರ ಅಳುತ್ತಾರೆ.

ಒಳ್ಳೆಯ ಚಿತ್ರಗಳಲ್ಲೂ ಶಬ್ದ ಬಹುಪಾಲು ಆಮೇಲೆ ಸೇರಿಸಿದ್ದು. ದೂರದ ಲೆನ್ಸಿನಲ್ಲಿ ಹಿಡಿದ ಜಿಂಕೆಯ ಹೆಜ್ಜೆ ಸಪ್ಪಳ ನಮಗೆ ಹೇಗೆ ಅಷ್ಟು ಹತ್ತಿರ ಕೇಳುತ್ತೆ ಅಂತ ಕೇಳಿ ನೋಡು. ಎರಡು ತೆಂಗಿನ ಚಿಪ್ಪು ಕೊಟ್ಟು ಕುದುರೆ ಓಟದ ಶಬ್ದ ಮಾಡಿಸು. ಶಬ್ದದ ಪಾಠ ಅಲ್ಲಿಂದಲೇ ಶುರುವಾಗಬಹುದು.

• ನಮ್ಮ ಕಾಡಿನದನ್ನು ಮೊದಲು ತೋರಿಸು, ಆಫ್ರಿಕಾದ ಸಿಂಹ ಆಮೇಲೆ ಬರಲಿ. ಮೈಸೂರಿನ ಕೃಪಾಕರ–ಸೇನಾನಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದ್ದಾರೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಧ್ವನಿಯಲ್ಲಿದೆ, ಕನ್ನಡದಲ್ಲಿ ರಿಷಬ್ ಶೆಟ್ಟಿ ಧ್ವನಿಯಲ್ಲಿ. ಎರಡನೇ ಸಲ ಹಾಕುವಾಗ ಶಬ್ದ ಪೂರ್ತಿ ಬಂದ್ ಮಾಡು. ಮಂಗಟ್ಟೆ ಹಕ್ಕಿಯೋ ಕಾಳಿಂಗವೋ ಬರುವ ಒಂದು ತುಂಡಿಗೆ ಮಕ್ಕಳೇ ವಿವರಣೆ ಕೊಡಲಿ. ಅವರು ನಿಜವಾಗಿ ಏನನ್ನು ಗಮನಿಸಿದ್ದಾರೆ, ಏನನ್ನು ಬರೀ ಕೇಳಿಸಿಕೊಂಡಿದ್ದಾರೆ ಅನ್ನೋದು ಆವಾಗ ಗೊತ್ತಾಗುತ್ತೆ. ಮಲೆನಾಡಿನ ಕಡೆ ಪೋಸ್ಟಿಂಗು ಆದರೆ ಇನ್ನೂ ಮಜಾ, ಚಿತ್ರದಲ್ಲಿಲ್ಲದ ಹತ್ತು ವಿಷಯ ಮಕ್ಕಳೇ ಹೇಳುತ್ತಾರೆ.

• ಪರದೆಯ ಮೇಲೆ ಬೀಜ ಹತ್ತು ಸೆಕೆಂಡಿನಲ್ಲಿ ಮೊಳೆತು ಹೂ ಬಿಡುತ್ತೆ. ಅದನ್ನು ನೋಡಿದ ಮಗು ಮಾರನೇ ದಿನವೇ ಕುಂಡದ ಮಣ್ಣು ಕೆದಕಿ ‘ಬರಲೇ ಇಲ್ಲ’ ಅಂತ ಬೇಜಾರು ಮಾಡಿಕೊಳ್ಳುತ್ತೆ. ಆದ್ದರಿಂದ ವಿಡಿಯೋ ತೋರಿಸುವ ದಿನವೇ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲೂ ಹುರುಳಿಕಾಯಿ ಬೀಜವನ್ನು ಮಣ್ಣಿನಲ್ಲೂ ಹಾಕಿಸು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ, ನಿನ್ನ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗಿ. ಎರಡು ವಾರ ಆದ ಮೇಲೆ ಅವನ್ನು ಸಾಲಾಗಿ ಬೆರಳಲ್ಲಿ ಸರ್ರನೆ ಸರಿಸಿ ತೋರಿಸು. ಟಿವಿಯವರು ಮಾಡಿದ್ದೂ ಇದನ್ನೇ ಅಂತ ನೀನು ಹೇಳಬೇಕಾದ್ದೇ ಇಲ್ಲ.

ಚಿಟ್ಟೆಯದ್ದು ಇನ್ನೂ ಚೆಂದ. ಶಾಲೆ ಹಿತ್ತಲಿನ ಕರಿಬೇವು ಅಥವಾ ನಿಂಬೆ ಗಿಡ ಹುಡುಕು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆಯೇನೋ ಅನ್ನುವ ಹಾಗೆ ಒಂದು ಹುಳ ಇರುತ್ತೆ. ಅಗಲ ಬಾಯಿನ ಬಾಟಲಿಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಕೊಡುವ ಪಾಳಿ ಹಂಚು. ಹುಳ ದೊಡ್ಡದಾಗಿ ಹಸಿರಾಗುತ್ತೆ, ಒಂದು ದಿನ ಕಡ್ಡಿಗೆ ಅಂಟಿ ಕೋಶವಾಗುತ್ತೆ. ಕೆಲವು ಸಲ ಕೋಶ ಒಡೆದು ಬರೋದು ಚಿಟ್ಟೆಯಲ್ಲ, ಪುಟ್ಟ ಕಣಜಗಳು. ಹುಳದ ಮೈಯೊಳಗೆ ಕಣಜ ಮೊಟ್ಟೆ ಇಟ್ಟಿತ್ತು ಅಂತ ಅರ್ಥ. ಮಕ್ಕಳ ಟಿವಿಯಲ್ಲಿ ಚಿಟ್ಟೆ ಯಾವಾಗಲೂ ಬಂದೇ ಬರುತ್ತೆ. ಇಲ್ಲಿ ಬಾರದೇ ಇದ್ದಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳೋಕೆ ನೀನು ರಾತ್ರಿ ಕೂತು ಓದಬೇಕಾಗುತ್ತೆ. ಓದು.

• ದೂರ, ಗಾತ್ರ ಎರಡರ ವಿಷಯದಲ್ಲೂ ಪರದೆ ಸುಳ್ಳು ಹೇಳುತ್ತೆ. ಹೇಳದೆ ಅದಕ್ಕೆ ಬೇರೆ ದಾರಿ ಇಲ್ಲ. ಅಮೀಬಾನೂ ಆನೆಯೂ ಅದೇ ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕೂರಬೇಕಲ್ಲ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ಮಾಡಿದ ‘ಪವರ್ಸ್ ಆಫ್ ಟೆನ್’ ಅನ್ನುವ ಒಂಬತ್ತು ನಿಮಿಷದ ಚಿತ್ರ ಇದಕ್ಕೇ ಹುಟ್ಟಿದ್ದು. ಶಿಕಾಗೋದ ಪಾರ್ಕಿನಲ್ಲಿ ಮಲಗಿರುವವನಿಂದ ಹಿಡಿದು ಹತ್ತು ಹತ್ತು ಪಟ್ಟು ಹಿಂದೆ ಸರಿಯುತ್ತಾ ಗೆಲಾಕ್ಸಿಗಳ ತನಕ ಹೋಗಿ, ತಿರುಗಿ ಬಂದು, ಅವನ ಕೈಯೊಳಗಿನ ಪರಮಾಣುವಿಗೆ ಇಳಿಯುತ್ತೆ. ಏಳನೆಯವರಿಗೆ ತೋರಿಸು. ನಾಲ್ಕನೆಯವರಿಗೆ ತಲೆ ಸುತ್ತುತ್ತೆ.

ಸೌರಮಂಡಲದ ಕಾರ್ಟೂನು ತೋರಿಸಿದ ದಿನ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗು. ಒಂದು ಸೆಂಟಿಮೀಟರಿನ ದಪ್ಪ ಕಾಬೂಲಿ ಕಡಲೆ ಭೂಮಿ ಅಂತಿಟ್ಟುಕೊಂಡರೆ, ಸಾಸಿವೆ ಕಾಳಿನಷ್ಟು ಚಂದ್ರ ಮೂವತ್ತು ಸೆಂಟಿಮೀಟರು ದೂರ, ಅಂದರೆ ಸರಿಯಾಗಿ ಒಂದು ಸ್ಕೇಲು. ಸೂರ್ಯ ಒಂದು ಮೀಟರಿಗಿಂತ ಸ್ವಲ್ಪ ಅಗಲ. ಅವನನ್ನು ಎಲ್ಲಿಡಬೇಕು? ಸುಮಾರು 117 ಮೀಟರು ಆಚೆ. ಬಹಳ ಶಾಲೆಗಳಲ್ಲಿ ಕಾಂಪೌಂಡು ದಾಟಬೇಕಾಗುತ್ತೆ. ಬಟ್ಟೆಯಲ್ಲೋ ರಟ್ಟಿನಲ್ಲೋ ಸೂರ್ಯನನ್ನು ಮಾಡಿ ಹಿಡಿದು ನಿಲ್ಲೋಕೆ ಎತ್ತರದ ಹುಡುಗನೊಬ್ಬನನ್ನು ಕಳಿಸು. ಇನ್ನೊಂದು ವಿಷಯ: ಆ ಕಾರ್ಟೂನುಗಳಲ್ಲಿ ಭೂಮಿಯ ದಾರಿಯನ್ನು ಮೊಟ್ಟೆಯಾಕಾರದಲ್ಲಿ ಎಳೆದಿರುತ್ತಾರೆ. ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಅಂತ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರು. ನಾವು ಸ್ವೆಟರು ಹಾಕಿಕೊಂಡಿರುವಾಗ! ಈ ಒಂದು ಮಾಹಿತಿ ಕೊಟ್ಟು, ‘ಹಾಗಾದರೆ ಬೇಸಿಗೆ ಯಾಕೆ’ ಅಂತ ಕೇಳಿ, ಒಂದು ವಾರ ಬಿಟ್ಟುಬಿಡು.

• 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ನಿನ್ನ ದೊಡ್ಡ ಮಕ್ಕಳು ಟಿವಿಯಲ್ಲಿ ನೋಡಿರುತ್ತಾರೆ. ಆ ತುಣುಕನ್ನು ಮತ್ತೆ ಹಾಕಿ ಒಂದೇ ಪ್ರಶ್ನೆ ಕೇಳು: ಲ್ಯಾಂಡರು ಇಳಿಯೋದನ್ನು ಹೊರಗೆ ನಿಂತು ಶೂಟಿಂಗ್ ಮಾಡಿದವರು ಯಾರು? ಮಕ್ಕಳು ಗಪ್‌ಚಿಪ್ ಆಗುತ್ತಾರೆ. ನೇರ ಪ್ರಸಾರದಲ್ಲಿ ನಾವು ನೋಡುತ್ತಿದ್ದದ್ದು ಲ್ಯಾಂಡರ್ ಕಳಿಸುತ್ತಿದ್ದ ವೇಗ, ಎತ್ತರದ ಅಂಕಿಗಳು, ಆ ಅಂಕಿಗಳನ್ನು ಇಟ್ಟುಕೊಂಡು ಕಂಪ್ಯೂಟರ್ ಬಿಡಿಸಿದ ಚಿತ್ರ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಲ್ಲಿ ಕೂತವರೂ ಅಂಕಿಗಳನ್ನೇ ಕಣ್ಣಿಟ್ಟು ನೋಡುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಅಳತೆಯಿಂದ ತಿಳಿಯೋದು ಅಂದರೆ ಇದೇ. ಮಕ್ಕಳಿಗೆ ಕಣ್ಣು ಕಟ್ಟಿ, ಒಬ್ಬ ದಾರಿ ಹೇಳಿ ಇನ್ನೊಬ್ಬ ನಡೆಯುವ ಆಟ ಆಡಿಸು.

• ಮಕ್ಕಳ ಟಿವಿ ಅಂದರೆ ಚಿಂಟು ಟಿವಿ, ಛೋಟಾ ಭೀಮ್ ಅಷ್ಟೇ ಅಂದುಕೋಬೇಡ. ಮನೆಯಲ್ಲಿ ರಿಮೋಟು ಅಜ್ಜಿಯ ಕೈಯಲ್ಲೋ ಅಮ್ಮನ ಕೈಯಲ್ಲೋ ಇರುತ್ತೆ, ಮಕ್ಕಳು ನೋಡೋದು ಅವರು ನೋಡುವುದನ್ನೇ. ನಾಗಿಣಿ ಸೇಡು ತೀರಿಸಿಕೊಳ್ಳುತ್ತಾಳೆ, ಹಾವು ಹಾಲು ಕುಡಿಯುತ್ತೆ, ಪುಂಗಿಗೆ ತಲೆದೂಗುತ್ತೆ. ಅದನ್ನೂ ತರಗತಿಗೆ ತಾ. ಹಾವಿಗೆ ಹೊರಕಿವಿ ಇಲ್ಲ, ಅದು ಹಿಂಬಾಲಿಸೋದು ಪುಂಗಿಯ ಅಲುಗಾಟವನ್ನು, ಹಾಲು ಅದರ ಆಹಾರವಲ್ಲ ಅನ್ನೋದನ್ನು ಹೇಳು. ಹೇಳುವ ಧಾಟಿ ಮಾತ್ರ ನೋಡಿಕೋ. ‘ನಿಮ್ಮಜ್ಜಿ ಹೇಳಿದ್ದು ಸುಳ್ಳು’ ಅಂತ ಮಗು ಮನೆಗೆ ಹೋಗಿ ಹೇಳುವ ಹಾಗೆ ಮಾಡಬೇಡ. ಮಾರನೇ ದಿನ ಅಜ್ಜಿ ಶಾಲೆ ಹತ್ತಿರ ಬರುತ್ತಾಳೆ, ಮಗು ನಿನ್ನ ಮುಂದೆ ಬಾಯಿ ತೆರೆಯೋದನ್ನು ನಿಲ್ಲಿಸುತ್ತೆ. ಅದರ ಬದಲು ‘ಅಜ್ಜೀನ ಕೇಳ್ಕೊಂಡು ಬಾ, ಹಾವು ಹಾಲು ಕುಡಿಯೋದನ್ನ ಕಣ್ಣಾರೆ ಕಂಡಿದೀರಾ, ಎಲ್ಲಿ, ಯಾವಾಗ’ ಅಂತ ಕಳಿಸು. ಅಜ್ಜಿಯರು ಬಹಳ ಪ್ರಾಮಾಣಿಕವಾಗಿ ಉತ್ತರ ಕೊಡುತ್ತಾರೆ. ಜೊತೆಗೆ ನಿನಗೆ ಗೊತ್ತಿಲ್ಲದ ಹಾವಿನ ಹೆಸರುಗಳೂ ಬರುತ್ತವೆ.

• ನೋಡಿದ್ದನ್ನು ಮಕ್ಕಳು ಮಾಡಿಯೇ ಮಾಡುತ್ತಾರೆ. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದಾಗ ಮಕ್ಕಳೆಲ್ಲ ಗಿರಗಿರ ತಿರುಗುತ್ತಿದ್ದರು. ಹಾಗೇ ಅನುಕರಣೆ ಮಾಡಿ ಅಪಾಯ ತಂದುಕೊಳ್ಳುತ್ತಾರೆ ಅನ್ನುವ ಆತಂಕ ದೇಶದಲ್ಲೆಲ್ಲ ಹಬ್ಬಿ, ಕೊನೆಗೆ ಧಾರಾವಾಹಿಯಲ್ಲೇ ಹಾಗೆಲ್ಲ ಮಾಡಬೇಡಿ ಅಂತ ಬುದ್ಧಿ ಹೇಳಬೇಕಾಯಿತು. ಬೆಂಕಿ, ಆಸಿಡ್ಡು, ಮನೆಯ ಕರೆಂಟು, ಬಾವಿ–ಕೆರೆ ಇವುಗಳ ಪ್ರಯೋಗ ತೋರಿಸುವ ವಿಡಿಯೋ ಎಷ್ಟೇ ಚೆನ್ನಾಗಿರಲಿ, ಪ್ರಾಥಮಿಕದವರಿಗೆ ಬೇಡ. ‘ಮನೇಲಿ ಮಾಡಬೇಡಿ’ ಅಂತ ಕೆಳಗೆ ಅಕ್ಷರ ಬರುತ್ತೆ ಅಂತೀಯಾ? ಅದನ್ನು ಓದುವವರು ಯಾರು?

• ಕೊನೇ ಪೀರಿಯಡ್ಡು ಕಳೆಯೋಕೆ, ರಜೆ ಹಾಕಿದ ಟೀಚರಿನ ಬದಲಿಗೆ, ಗಲಾಟೆ ನಿಲ್ಲಿಸೋಕೆ ಟಿವಿ ಹಾಕಬೇಡ. ಒಂದು ಸಲ ಹಾಗೆ ಮಾಡಿದರೆ ಮುಗಿಯಿತು, ಆಮೇಲೆ ಟಿವಿ ಅಂದರೆ ಆಟದ ಪೀರಿಯಡ್ಡೇ.

• ಮಕ್ಕಳು ಟಿವಿ ನೋಡುವಾಗ ನೀನು ಮಕ್ಕಳನ್ನು ನೋಡು. ಅಮೆರಿಕದ ‘ಸೆಸಮೆ ಸ್ಟ್ರೀಟ್’ 1969ರಲ್ಲಿ ಶುರುವಾಗುವ ಮುಂಚೆ ಎಡ್ವರ್ಡ್ ಪಾಮರ್ ಅನ್ನುವ ಸಂಶೋಧಕರು ಒಂದು ಉಪಾಯ ಮಾಡಿದ್ದರು. ಕಾರ್ಯಕ್ರಮ ಓಡುತ್ತಿರುವ ಟಿವಿಯ ಪಕ್ಕದಲ್ಲೇ ಇನ್ನೊಂದು ಪರದೆಯ ಮೇಲೆ ಬಣ್ಣಬಣ್ಣದ ಸ್ಲೈಡುಗಳನ್ನು ಬದಲಾಯಿಸುತ್ತಾ ಹೋಗೋದು, ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಆ ಕಡೆ ತಿರುಗುತ್ತೆ ಅಂತ ಗುರುತು ಮಾಡಿಕೊಳ್ಳೋದು. ಕಣ್ಣು ತಿರುಗಿದ ಜಾಗವನ್ನು ತಿದ್ದುತ್ತಿದ್ದರು. ನಿನಗೆ ಸ್ಲೈಡು ಬೇಡ, ಕಿಟಕಿಯಾಚೆ ಒಂದು ನಾಯಿ ಇದ್ದೇ ಇರುತ್ತೆ.

• ಒಂದೇ ತುಂಡನ್ನು ಮತ್ತೆ ಮತ್ತೆ ತೋರಿಸೋಕೆ ನಾಚಿಕೆ ಬೇಡ. ಅಮೆರಿಕದ್ದೇ ಇನ್ನೊಂದು ಮಕ್ಕಳ ಕಾರ್ಯಕ್ರಮ, 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’, ಒಂದು ಕಂತನ್ನು ವಾರದ ಐದೂ ದಿನ ಪ್ರಸಾರ ಮಾಡುತ್ತಿತ್ತು. ಮಕ್ಕಳಿಗೆ ಬೇಜಾರಾಗಲಿಲ್ಲ. ದಿನ ಕಳೆದ ಹಾಗೆ ಇನ್ನೂ ಜೋರಾಗಿ ಪರದೆಗೇ ಉತ್ತರ ಕೂಗುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಆ ಕಾರ್ಯಕ್ರಮದವನು ಸುಮ್ಮನೆ ಕಾಯುತ್ತಾನೆ, ದೊಡ್ಡವರಿಗೆ ಕಸಿವಿಸಿಯಾಗುವಷ್ಟು ಹೊತ್ತು. ಆ ಕಾಯುವಿಕೆ ಕಲಿ.

• ಟಿವಿ ಪೆಟ್ಟಿಗೆಯೇ ಒಂದು ಪಾಠ. ಮೊಬೈಲಿನಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿ, ಬೆರಳಿಂದ ಸೂಜಿಮೊನೆಯಷ್ಟು ನೀರಿನ ಹನಿ ಚಿಮುಕಿಸು. ಹನಿಯೊಳಗೆ ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ಬಿಳಿಯ ಚುಕ್ಕಿ ಒಂದೂ ಇಲ್ಲ. ನಿನ್ನ ಮೊಬೈಲಿನಲ್ಲೇ ಮಾಡು, ಶಾಲೆ ಟಿವಿಗೆ ನೀರು ತಾಗಿಸಿದರೆ ಹೆಡ್ಮೇಷ್ಟ್ರು ನನ್ನನ್ನು ಬಯ್ಯುತ್ತಾರೆ. ರಿಮೋಟಿನ ಮೂತಿಯನ್ನು ಮೊಬೈಲಿನ ಮುಂದಿನ ಕ್ಯಾಮೆರಾಗೆ ತೋರಿಸಿ ಗುಂಡಿ ಒತ್ತು. ಕಣ್ಣಿಗೆ ಕಾಣದ ಬೆಳಕು ಎಷ್ಟೋ ಮೊಬೈಲುಗಳಲ್ಲಿ ಮಿಣಕ್ ಅನ್ನುತ್ತೆ. ಹಳೇ ನೋಟ್‌ಬುಕ್ಕಿನ ಮೂಲೆಗಳಲ್ಲಿ ಪುಟಕ್ಕೊಂದು ಚಿತ್ರ ಸ್ವಲ್ಪ ಸ್ವಲ್ಪ ಬದಲಾಯಿಸಿ ಬರೆಸಿ, ಹೆಬ್ಬೆರಳಲ್ಲಿ ಸರ್ರನೆ ಬಿಡಿಸು. ಸಿನಿಮಾ ಅನ್ನೋದು ಸೆಕೆಂಡಿಗೆ 24 ನಿಂತ ಚಿತ್ರ ಅಂತ ತಿಳಿದ ಮಗು ಆಮೇಲೆ ಯಾವ ಸಿನಿಮಾಕ್ಕೂ ಪೂರ್ತಿ ಮೋಸ ಹೋಗೊಲ್ಲ.

• ಇಂಗ್ಲಿಷ್ ಚಿತ್ರವಾದರೆ ಶಬ್ದ ನಿಲ್ಲಿಸಿ ನಿನ್ನ ಮಾತಿನಲ್ಲೇ ಹೇಳು, ನಿಮ್ಮೂರಿನ ಮಾತಿನಲ್ಲಿ. ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ ಮಾಡುವ ಒಂದೆರಡು ನಿಮಿಷದ ಚಿತ್ರಗಳು ಕನ್ನಡದಲ್ಲೂ ಇವೆ, ಬಿಟ್ಟಿಯಾಗೇ ಸಿಗುತ್ತವೆ. ಬೆಂಕಿಪೊಟ್ಟಣ, ಸೈಕಲ್ ಟ್ಯೂಬು, ಪೊರಕೆ ಕಡ್ಡಿ ಇದ್ದರೆ ಆಯಿತು. ಒಂದು ನಿಮಿಷ ನೋಡೋದು, ಅರ್ಧ ಗಂಟೆ ಮಾಡೋದು. ನನ್ನ ಲೆಕ್ಕ ಇದೇ.

• ವಿಡಿಯೋಗಳನ್ನು ಮೊದಲೇ ಇಳಿಸಿ ಪೆನ್ ಡ್ರೈವಿಗೆ ಹಾಕಿಟ್ಟುಕೋ. ನೆಟ್‌ವರ್ಕು ನಂಬಬೇಡ. ಆನ್‌ಲೈನಿನಲ್ಲೇ ಹಾಕಿದರೆ ಕಪ್ಪೆಯ ಜೀವನಚಕ್ರದ ಮಧ್ಯೆ ರಮ್ಮಿ ಜಾಹೀರಾತು ನುಗ್ಗುತ್ತೆ. ಕಿಟಕಿ ಬೆಳಕು ಪರದೆಗೆ ಹೊಡೆಯದ ಗೋಡೆ ಹುಡುಕು. ಕುಳ್ಳ ಮಕ್ಕಳು ಮುಂದೆ, ಕಣ್ಣು ಮಂಜು ಅನ್ನುವವರು ಇನ್ನೂ ಮುಂದೆ. ಯಾರು ಕಣ್ಣು ಕಿರಿದು ಮಾಡಿ ನೋಡುತ್ತಾರೆ ಅಂತ ಬರೆದಿಟ್ಟುಕೊಂಡು, ಆರೋಗ್ಯ ತಪಾಸಣೆಗೆ ಬಂದವರಿಗೆ ತೋರಿಸು.

• ಟಿವಿ ಕೆಡುತ್ತೆ. ಕೆಟ್ಟೇ ಕೆಡುತ್ತೆ, ರಿಪೇರಿಗೆ ದುಡ್ಡು ಬರೋಕೆ ವರ್ಷ ಹಿಡಿಯುತ್ತೆ. ಟಿವಿ ಪಾಠ ಬಂದು ಹೋಗೋದು ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯ ಹತ್ತಡಿ ಆಂಟೆನಾ, ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ. ವರ್ಷವಾಯಿತು, ಉಪಗ್ರಹ ಬೇರೆ ಕಡೆ ಹೋಯಿತು. ಮೇಷ್ಟ್ರುಗಳು ಅಲ್ಲೇ ಉಳಿದರು. 2004ರಲ್ಲಿ ಎಜುಸ್ಯಾಟ್ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಬಂತು, ಮನೆಯಲ್ಲಿ ಟಿವಿ ಇದ್ದವರು ನೋಡಿದರು. ಒಂದೊಂದೂ ಅದರ ಕಾಲಕ್ಕೆ ಕೆಲಸಕ್ಕೆ ಬಂತು, ಇಲ್ಲ ಅನ್ನೊಲ್ಲ. ಆದರೆ ಕರೆಂಟು ಹೋದ ದಿನವೂ ನಡೆಯುವ ಹಾಗೆ ಪಾಠ ಕಟ್ಟಿಕೋ. ಗುಡುಗು ಎಣಿಸೋಕೆ, ಕಡಲೆಕಾಳಿಗೆ, ಇರುವೆಗೆ ಕರೆಂಟು ಬೇಡ.

• ಸಿಆರ್‌ಪಿಯವರೋ ಬಿಇಒ ಅವರೋ ಬಂದಾಗ ‘ಎಷ್ಟು ವಿಡಿಯೋ ತೋರಿಸಿದ್ದೀರಿ’ ಅಂತ ಕೇಳುತ್ತಾರೆ. ಆ ಲೆಕ್ಕವೂ ಇರಲಿ, ಅವರ ಕೆಲಸ ಅದು. ಅದರ ಜೊತೆ ಇನ್ನೊಂದು ಪುಸ್ತಕ ಇಡು. ಟಿವಿ ಆರಿಸಿದ ಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳನ್ನು, ಅವರ ಮಾತಿನಲ್ಲೇ, ತಪ್ಪಿದ್ದರೆ ತಪ್ಪಿನ ಸಮೇತ, ಹೆಸರು ತಾರೀಖು ಹಾಕಿ ಬರೆಸು. ‘ಚಂದ್ರನ ಮೇಲೆ ಗಾಳಿಪಟ ಹಾರುತ್ತಾ’, ‘ಪೆಂಗ್ವಿನ್ನಿಗೆ ಮೊಣಕಾಲು ಇದೆಯಾ’ ಈ ಥರ. ಉತ್ತರ ಸಿಕ್ಕಿದ್ದಕ್ಕೆ ಟಿಕ್ಕು, ಸಿಗದೇ ಇದ್ದದ್ದನ್ನು ಖಾಲಿ ಬಿಡು. ಪೆಂಗ್ವಿನ್ನಿಗೆ ಮೊಣಕಾಲು ಇದೆ, ಗರಿಯೊಳಗೆ ಮುಚ್ಚಿಕೊಂಡಿರುತ್ತೆ, ಅದಕ್ಕೆ ಟಿಕ್ಕು ಹಾಕಿಕೋ. ಪುಸ್ತಕಕ್ಕೆ ದಾರ ಕಟ್ಟಿ ಟಿವಿ ಪಕ್ಕದ ಮೊಳೆಗೆ ತೂಗುಹಾಕು. ಪೆನ್ನು ಮಾತ್ರ ನಿನ್ನ ಹತ್ತಿರವೇ ಇರಲಿ, ಮೊಳೆಗೆ ಕಟ್ಟಿದರೆ ಎರಡು ದಿನ ಉಳಿಯೊಲ್ಲ.